ಹ್ಯಾರಿ ಗ್ರೆಬ್

ಹ್ಯಾರಿ ಗ್ರೆಬ್ (ಜನನ: 6 ಜೂನ್ 1894, ಮರಣ: 22 ಅಕ್ಟೋಬರ್ 1926) ಅಮೆರಿಕದ ವೃತ್ತಿಪರ ಬಾಕ್ಸರ್. ಪೂರ್ಣ ಹೆಸರು ಎಡ್ವರ್ಡ್ ಹೆನ್ರಿ ಗ್ರೆಬ್. ಈತ 1923ರಿಂದ 1926ರವರೆಗೆ ಮಿಡಲ್‌ವೇಟ್, ಅಂದರೆ ಮಧ್ಯಮ ತೂಕದ ವಿಭಾಗದ ವಿಶ್ವ ಚಾಂಪಿಯನ್ ಆಗಿದ್ದನು. ಅದಕ್ಕೂ ಮೊದಲು 1922ರಲ್ಲಿ ಅಮೆರಿಕದ ಲೈಟ್ ಹೆವಿವೇಟ್ ಪಟ್ಟವನ್ನು ಗೆದ್ದಿದ್ದನು. ಹದಿಮೂರು ವರ್ಷಗಳ ವೃತ್ತಿಜೀವನದಲ್ಲಿ ಸುಮಾರು 300 ಪಂದ್ಯಗಳನ್ನು ಆಡಿದನು. ಮುಂದೆ ಹೆವಿವೇಟ್ ವಿಶ್ವ ಚಾಂಪಿಯನ್ ಆದ ಜೀನ್ ಟನ್ನಿಯನ್ನು ವೃತ್ತಿಪರ ಕಣದಲ್ಲಿ ಸೋಲಿಸಿದ ಏಕೈಕ ಬಾಕ್ಸರ್ ಈತನೇ. 1921ರಲ್ಲಿ ಬಲಗಣ್ಣಿಗೆ ಆದ ಗಾಯದಿಂದ ಆ ಕಣ್ಣಿನ ದೃಷ್ಟಿ ನಶಿಸಿತು. ಅವನ ಅತ್ಯಂತ ದೊಡ್ಡ ಗೆಲುವುಗಳೆಲ್ಲ ಆ ಗಾಯದ ನಂತರದವು.

ಬೇರೆ ಬೇರೆ ಕಾಲದ ಮಿಡಲ್‌ವೇಟ್ ಚಾಂಪಿಯನ್ನರು ಎದುರುಬದುರಾದರೆ ಯಾರು ಗೆಲ್ಲುತ್ತಿದ್ದರು ಎಂಬ ಚರ್ಚೆಯಲ್ಲಿ ಗ್ರೆಬ್‌ನ ಹೆಸರು ಶುಗರ್ ರೇ ರಾಬಿನ್ಸನ್‌ನ ಹೆಸರಿನೊಡನೆ ಮತ್ತೆ ಮತ್ತೆ ಕೇಳಿಬರುತ್ತದೆ. ರಾಬಿನ್ಸನ್‌ನ ಅನೇಕ ಪಂದ್ಯಗಳನ್ನು ಇಂದಿಗೂ ಚಲನಚಿತ್ರದಲ್ಲಿ ನೋಡಬಹುದು. ಗ್ರೆಬ್‌ನ ಒಂದು ಪಂದ್ಯದ ಚಿತ್ರವೂ ಇದುವರೆಗೆ ದೊರೆತಿಲ್ಲ. ಹೀಗಾಗಿ ಅವನ ಜೀವನಚರಿತ್ರೆಯು ಬಹುಪಾಲು ಅಂದಿನ ಪತ್ರಿಕಾ ವರದಿಗಳ ಆಧಾರದ ಮೇಲೆ ನಿಂತಿದೆ.

ತೂಕದ ವಿಭಾಗ

ಬಯಲುಸೀಮೆಯ ಜಾತ್ರೆಗಳ ಮಣ್ಣಿನ ಕುಸ್ತಿಯಲ್ಲಿ ಪೈಲ್ವಾನರ ಮೈಕಟ್ಟನ್ನು ಕಣ್ಣಳತೆಯಲ್ಲಿ ನೋಡಿ ಜೋಡಿ ಕೂಡಿಸುವುದು ಹಳೆಯ ರೂಢಿ. ಬಾಕ್ಸಿಂಗ್‌ನಲ್ಲಿ ಜೋಡಿಯನ್ನು ತಕ್ಕಡಿ ನಿರ್ಧರಿಸುತ್ತದೆ. ಮಿಡಲ್‌ವೇಟ್ ವಿಭಾಗದ ಗರಿಷ್ಠ ತೂಕ 160 ಪೌಂಡ್, ಅಂದರೆ ಸುಮಾರು 72.5 ಕಿಲೋಗ್ರಾಂ. ಅದರ ಮೇಲಿನದು 175 ಪೌಂಡ್ ಮಿತಿಯ ಲೈಟ್ ಹೆವಿವೇಟ್. ಅದಕ್ಕೂ ಮೇಲಿನದು ಹೆವಿವೇಟ್. ಗ್ರೆಬ್‌ನ ಕಾಲದಲ್ಲಿ ಇವುಗಳ ನಡುವೆ ಇಂದಿನಂತೆ ಉಪವಿಭಾಗಗಳು ಇರಲಿಲ್ಲ. ಒಂದು ವಿಭಾಗಕ್ಕೆ ಸಾಮಾನ್ಯವಾಗಿ ಒಬ್ಬನೇ ಚಾಂಪಿಯನ್ ಇರುತ್ತಿದ್ದನು. ಗ್ರೆಬ್‌ನ ಎತ್ತರ ಸುಮಾರು 173 ಸೆಂಟಿಮೀಟರ್. ದೇಹದ ಅಳತೆಯಲ್ಲಿ ಅವನು ಮಿಡಲ್‌ವೇಟ್. ಆದರೂ ಅವನ ಎದುರಾಳಿಗಳಲ್ಲಿ ಹಲವರು ಲೈಟ್ ಹೆವಿವೇಟ್ ಮತ್ತು ಹೆವಿವೇಟ್ ವಿಭಾಗದವರು. ಅವನ ಸಾಧನೆಯನ್ನು ಅಳೆಯುವಾಗ ಈ ಅಂಶವನ್ನು ಮರೆಯುವಂತಿಲ್ಲ.

ಬಾಲ್ಯ ಮತ್ತು ವೃತ್ತಿಯ ಆರಂಭ

ಗ್ರೆಬ್ ಪೆನ್ಸಿಲ್ವೇನಿಯ ರಾಜ್ಯದ ಪಿಟ್ಸ್‌ಬರ್ಗ್ ನಗರದಲ್ಲಿ ಜರ್ಮನ್ ಮೂಲದ ಕುಟುಂಬದಲ್ಲಿ ಜನಿಸಿದನು. ಪಿಟ್ಸ್‌ಬರ್ಗ್ ಆಗ ಉಕ್ಕಿನ ಕಾರ್ಖಾನೆಗಳ ಊರು. ನಾನಾ ದೇಶಗಳಿಂದ ಬಂದ ಕಾರ್ಮಿಕ ಕುಟುಂಬಗಳು ಅಲ್ಲಿ ನೆಲೆಸಿದ್ದವು. ಬಾಕ್ಸಿಂಗ್ ಆ ಊರಿನ ದುಡಿಯುವ ಜನರ ಅಚ್ಚುಮೆಚ್ಚಿನ ಆಟವಾಗಿತ್ತು.

1913ರಲ್ಲಿ ಅವನು ವೃತ್ತಿಪರ ಕಣಕ್ಕಿಳಿದನು. ಅದೇ ವರ್ಷ ಜೋ ಚಿಪ್ ಎಂಬಾತನಿಂದ ನಾಕೌಟ್ ಆದನು. 1915ರಲ್ಲಿ ಕಿಡ್ ಗ್ರೇವ್ಸ್‌ನೊಡನೆ ಆಡುವಾಗ ಕೈಮೂಳೆ ಮುರಿದು ಪಂದ್ಯವನ್ನು ಮುಂದುವರಿಸಲಾಗದೆ ಸೋತನು. ನಿಗದಿತ ಸುತ್ತುಗಳು ಮುಗಿಯುವ ಮೊದಲೇ ಹೊಡೆತಕ್ಕಾಗಲಿ ಗಾಯಕ್ಕಾಗಲಿ ಮಣಿದು ಅವನು ಸೋತದ್ದು ಈ ಎರಡೇ ಸಲ. ಎರಡೂ ಇಪ್ಪತ್ತೆರಡು ವರ್ಷ ತುಂಬುವ ಮೊದಲಿನ ಘಟನೆಗಳು. ಮುಂದಿನ ಹತ್ತು ವರ್ಷಗಳಲ್ಲಿ ತನಗಿಂತ ತೂಕದವರ ಹೊಡೆತಗಳನ್ನು ತಿಂದರೂ ಅವನನ್ನು ಯಾರೂ ನಾಕೌಟ್ ಮಾಡಲಿಲ್ಲ. ಆರಂಭದ ವರ್ಷಗಳಲ್ಲಿ ಜೇಮ್ಸ್ ಮೇಸನ್ ಅವನ ವ್ಯವಸ್ಥಾಪಕನಾಗಿದ್ದನು.

1918ರಲ್ಲಿ, ಮೊದಲ ಮಹಾಯುದ್ಧದ ಕೊನೆಯ ವರ್ಷ, ಗ್ರೆಬ್ ಅಮೆರಿಕದ ನೌಕಾಪಡೆಯನ್ನು ಸೇರಿದನು. ಯುದ್ಧ ಮುಗಿದ ಬಳಿಕ ಅದೇ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಮಿತ್ರರಾಷ್ಟ್ರಗಳ ಸೈನಿಕರಿಗಾಗಿ ನಡೆದ ಬಾಕ್ಸಿಂಗ್ ಕೂಟದಲ್ಲಿ ಭಾಗವಹಿಸಿದನು.

ಪತ್ರಿಕಾ ತೀರ್ಪುಗಳ ಕಾಲ

ಗ್ರೆಬ್‌ನ ದಾಖಲೆಯನ್ನು ಓದುವವರು ಅಂದಿನ ಒಂದು ಪದ್ಧತಿಯನ್ನು ತಿಳಿದಿರಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಹಲವು ರಾಜ್ಯಗಳು ಬಾಕ್ಸಿಂಗ್ ಪ್ರದರ್ಶನಕ್ಕೆ ಅನುಮತಿ ನೀಡಿದರೂ ತೀರ್ಪುಗಾರರು ಅಂಕಗಳ ಮೇಲೆ ಗೆಲುವು ಘೋಷಿಸುವುದನ್ನು ನಿಷೇಧಿಸಿದ್ದವು. ಜೂಜು ಮತ್ತು ಮೋಸವನ್ನು ತಡೆಯುವುದು ಇದರ ಉದ್ದೇಶ. ಇಬ್ಬರೂ ಕೊನೆಯವರೆಗೆ ನಿಂತಿದ್ದರೆ ಅಧಿಕೃತವಾಗಿ ಗೆದ್ದವನೂ ಇಲ್ಲ, ಸೋತವನೂ ಇಲ್ಲ. ಮರುದಿನ ಕ್ರೀಡಾ ವರದಿಗಾರರು ಯಾರು ಮೇಲುಗೈ ಪಡೆದರೆಂದು ಪತ್ರಿಕೆಗಳಲ್ಲಿ ಬರೆಯುತ್ತಿದ್ದರು. ಇದನ್ನೇ ಪತ್ರಿಕಾ ತೀರ್ಪು ಎನ್ನುತ್ತಾರೆ. ಒಂದೇ ಪಂದ್ಯದ ಬಗ್ಗೆ ಎರಡು ಪತ್ರಿಕೆಗಳು ಬೇರೆ ಬೇರೆ ತೀರ್ಪು ನೀಡುವುದೂ ಉಂಟು.

ಈ ಪದ್ಧತಿಯಿಂದ ಇನ್ನೊಂದು ಪರಿಣಾಮವಾಯಿತು. ಇಂತಹ ಪಂದ್ಯದಲ್ಲಿ ನಾಕೌಟ್ ಆದರೆ ಮಾತ್ರ ಚಾಂಪಿಯನ್ ಪಟ್ಟ ಕಳೆದುಕೊಳ್ಳುತ್ತಿದ್ದನು. ಗ್ರೆಬ್ ತನ್ನ ಕಾಲದ ಲೈಟ್ ಹೆವಿವೇಟ್ ವಿಶ್ವ ಚಾಂಪಿಯನ್ ಬ್ಯಾಟ್ಲಿಂಗ್ ಲೆವಿನ್ಸ್‌ಕಿಯ ಮೇಲೆ ಪತ್ರಿಕಾ ತೀರ್ಪಿನಲ್ಲಿ ಅನೇಕ ಸಲ ಮೇಲುಗೈ ಪಡೆದನು. ಆದರೂ ಪಟ್ಟ ಅವನಿಗೆ ಬರಲಿಲ್ಲ.

ನಿಗದಿತ ಶುಲ್ಕಕ್ಕೆ ಊರೂರು ಸುತ್ತಿ ಹೋರಾಡುವುದು ಅಂದಿನ ಬಾಕ್ಸರುಗಳ ಜೀವನೋಪಾಯ. ಗ್ರೆಬ್ ಇದರಲ್ಲಿಯೂ ಎಲ್ಲರನ್ನು ಮೀರಿಸಿದನು. 1917ರಲ್ಲಿ 37 ಪಂದ್ಯಗಳನ್ನೂ 1919ರಲ್ಲಿ 45 ಪಂದ್ಯಗಳನ್ನೂ ಆಡಿದನು. 45 ಪಂದ್ಯಗಳೆಂದರೆ ಸರಾಸರಿ ಎಂಟು ದಿನಗಳಿಗೆ ಒಂದು. ಆ ಇಡೀ ವರ್ಷ ಅವನು ಸೋಲಲಿಲ್ಲ. ವರ್ಷಕ್ಕೆ ಎರಡೋ ಮೂರೋ ಪಂದ್ಯಗಳನ್ನು ಆಡುವ ಇಂದಿನ ಚಾಂಪಿಯನ್ನರೊಡನೆ ಈ ಸಂಖ್ಯೆಯನ್ನು ನೇರವಾಗಿ ಹೋಲಿಸಲಾಗದು. ಅವನ ಪಾಲಿಗೆ ಒಂದು ಪಂದ್ಯವೇ ಮುಂದಿನ ಪಂದ್ಯದ ತಾಲೀಮು ಆಗಿತ್ತು.

ಹೋರಾಟದ ಶೈಲಿ

ಅಮೆರಿಕದ ಪತ್ರಿಕೆಗಳು ಗ್ರೆಬ್‌ಗೆ ಪಿಟ್ಸ್‌ಬರ್ಗಿನ ಗಾಳಿಯಂತ್ರ ಎಂಬ ಅರ್ಥದ ಅಡ್ಡಹೆಸರನ್ನು ಕೊಟ್ಟಿದ್ದವು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಲಿನ ಗುಡ್ಡಗಳ ಮೇಲೆ ಇಂದು ನಿಧಾನವಾಗಿ ತಿರುಗುವ ವಿದ್ಯುತ್ ಗಾಳಿಯಂತ್ರಗಳನ್ನು ಕಂಡವರಿಗೆ ಈ ಹೆಸರು ತಪ್ಪು ಕಲ್ಪನೆ ಕೊಡಬಹುದು. ಎಲ್ಲ ದಿಕ್ಕಿನಿಂದಲೂ ಬಿಡುವಿಲ್ಲದೆ ಬೀಸುವ ಕೈಗಳು ಎಂಬುದು ಆ ಹೆಸರಿನ ಆಶಯ.

ಅವನ ಮುಷ್ಟಿಯಲ್ಲಿ ಒಂದೇ ಪೆಟ್ಟಿಗೆ ಎದುರಾಳಿಯನ್ನು ಕೆಡವುವ ಶಕ್ತಿ ಇರಲಿಲ್ಲ. ಸುಮಾರು 300 ಪಂದ್ಯಗಳಲ್ಲಿ ನಾಕೌಟ್ ಗೆಲುವುಗಳು 50ನ್ನು ಮುಟ್ಟುವುದಿಲ್ಲ. ವೇಗ, ದಣಿಯದ ಉಸಿರು, ಊಹಿಸಲಾಗದ ಚಲನೆ ಇವು ಅವನ ಬಲ. ಹತ್ತಿರ ನುಗ್ಗಿ ಎರಡೂ ಕೈಗಳಿಂದ ಹೊಡೆದು, ಎದುರಾಳಿ ತಿರುಗಿ ಹೊಡೆಯುವ ಮೊದಲೇ ಪಕ್ಕಕ್ಕೆ ಸರಿದು ಮತ್ತೊಂದು ಕಡೆಯಿಂದ ನುಗ್ಗುತ್ತಿದ್ದನು. ಶಾಸ್ತ್ರೀಯ ನಿಲುವನ್ನು ಕಲಿತವರಿಗೆ ಅವನ ವಿರುದ್ಧ ಆಡುವುದು ಕಷ್ಟವಾಗುತ್ತಿತ್ತು. ಎದುರಾಳಿಯನ್ನು ಹಿಡಿದುಕೊಂಡು ಹೊಡೆಯುವುದು, ತಲೆಯಿಂದ ಗುದ್ದುವುದು ಮೊದಲಾದ ನಿಯಮಬಾಹಿರ ತಂತ್ರಗಳ ಆರೋಪವೂ ಅವನ ಮೇಲಿತ್ತು.

1920ರಲ್ಲಿ ಹೆವಿವೇಟ್ ವಿಶ್ವ ಚಾಂಪಿಯನ್ ಜ್ಯಾಕ್ ಡೆಂಪ್ಸಿಯ ತಾಲೀಮು ಶಿಬಿರದಲ್ಲಿ ಗ್ರೆಬ್ ಅವನೊಡನೆ ಅಭ್ಯಾಸದ ಸುತ್ತುಗಳನ್ನು ಆಡಿದನು. ಅಲ್ಲಿ ಗ್ರೆಬ್‌ನ ವೇಗಕ್ಕೆ ಡೆಂಪ್ಸಿ ಕಕ್ಕಾಬಿಕ್ಕಿಯಾದನೆಂದು ಪತ್ರಿಕೆಗಳು ವರದಿ ಮಾಡಿದವು. ಗ್ರೆಬ್ ಡೆಂಪ್ಸಿಯೊಡನೆ ಪಟ್ಟದ ಪಂದ್ಯವನ್ನು ಬಯಸಿದನು. ಆ ಪಂದ್ಯ ಕೊನೆಗೂ ನಡೆಯಲಿಲ್ಲ.

ಕಣ್ಣಿನ ಗಾಯ

1921ರ ಆಗಸ್ಟ್ 29ರಂದು ಪಿಟ್ಸ್‌ಬರ್ಗಿನಲ್ಲಿ ಗ್ರೆಬ್ ಕಿಡ್ ನಾರ್‌ಫೋಕ್‌ನೊಡನೆ ಹತ್ತು ಸುತ್ತುಗಳ ಪಂದ್ಯವನ್ನು ಆಡಿದನು. ನಾರ್‌ಫೋಕ್ ಗ್ರೆಬ್‌ಗಿಂತ ಹೆಚ್ಚು ತೂಕದ ಬಲಿಷ್ಠ ಕಪ್ಪು ಬಾಕ್ಸರ್. ಈ ಪಂದ್ಯದಲ್ಲಿ ಗ್ರೆಬ್‌ನ ಬಲಗಣ್ಣಿನ ಅಕ್ಷಿಪಟಲಕ್ಕೆ ಪೆಟ್ಟಾಯಿತೆಂದು ಜೀವನಚರಿತ್ರಕಾರರು ಹೇಳುತ್ತಾರೆ. ಅಕ್ಷಿಪಟಲವು ಹಿಂದಿನ ಪದರದಿಂದ ಕಳಚಿಕೊಂಡರೆ ದೃಷ್ಟಿ ಕುಂದುತ್ತಾ ಹೋಗುತ್ತದೆ. ಅದನ್ನು ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ಅಂದಿನ ವೈದ್ಯರ ಕೈಯಲ್ಲಿ ಇನ್ನೂ ನೆಲೆಗೊಂಡಿರಲಿಲ್ಲ.

ಒಂದು ಕಣ್ಣು ಕಾಣದವನಿಗೆ ಬಾಕ್ಸಿಂಗ್ ಪರವಾನಗಿ ಸಿಗುವುದು ಸಾಧ್ಯವಿರಲಿಲ್ಲ. ಆದ್ದರಿಂದ ಗ್ರೆಬ್ ಈ ಸಂಗತಿಯನ್ನು ಆಪ್ತರಾದ ಕೆಲವರನ್ನು ಬಿಟ್ಟು ಉಳಿದವರಿಂದ ಮುಚ್ಚಿಟ್ಟನು. ಎರಡು ಕಣ್ಣುಗಳು ಒಟ್ಟಾಗಿ ನೋಡಿದಾಗಲೇ ಹತ್ತಿರದ ವಸ್ತುವಿನ ದೂರ ಸರಿಯಾಗಿ ತಿಳಿಯುವುದು. ಬಲಗಣ್ಣಿಲ್ಲದ ಬಾಕ್ಸರಿಗೆ ಎದುರಾಳಿಯ ಎಡಗೈಯಿಂದ ಬಳಸಿ ಬರುವ ಹೊಡೆತ ಕಾಣುವುದೇ ತಡವಾಗಿ. ಗ್ರೆಬ್ ಮುಂದಿನ ಐದು ವರ್ಷ ಈ ಅಪಾಯವನ್ನು ಹೊತ್ತೇ ಹೋರಾಡಿದನು.

ಜೀನ್ ಟನ್ನಿಯೊಡನೆ ಐದು ಪಂದ್ಯಗಳು

ನ್ಯೂಯಾರ್ಕ್ ರಾಜ್ಯವು 1920ರಲ್ಲಿ ವಾಕರ್ ಕಾಯಿದೆಯ ಮೂಲಕ ಹದಿನೈದು ಸುತ್ತುಗಳ ಪಂದ್ಯಗಳಿಗೂ ಅಧಿಕೃತ ತೀರ್ಪಿಗೂ ಅವಕಾಶ ಕೊಟ್ಟಿತು. ಇದರಿಂದ ಗ್ರೆಬ್‌ನಂತಹ ಅಂಕಗಳ ಮೇಲೆ ಗೆಲ್ಲುವ ಬಾಕ್ಸರುಗಳಿಗೆ ಅನುಕೂಲವಾಯಿತು. 1922ರ ಮಾರ್ಚ್‌ನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವನು ಹೆಸರಾಂತ ಟಾಮಿ ಗಿಬ್ಬನ್ಸ್‌ನನ್ನು ಸೋಲಿಸಿದನು. ಆ ಗೆಲುವಿನಿಂದ ಅಮೆರಿಕದ ಲೈಟ್ ಹೆವಿವೇಟ್ ಚಾಂಪಿಯನ್ ಜೀನ್ ಟನ್ನಿಯೊಡನೆ ಆಡುವ ಅವಕಾಶ ದೊರೆಯಿತು.

1922ರ ಮೇ 23ರಂದು ಅದೇ ಸ್ಥಳದಲ್ಲಿ ಪಂದ್ಯ ನಡೆಯಿತು. ಟನ್ನಿಯ ತೂಕ ಗ್ರೆಬ್‌ಗಿಂತ ಸುಮಾರು ಐದು ಕಿಲೋಗ್ರಾಂ ಹೆಚ್ಚು. ಅದುವರೆಗೆ ಟನ್ನಿ ಸೋಲನ್ನು ಕಂಡಿರಲಿಲ್ಲ. ಮೊದಲ ಸುತ್ತಿನಲ್ಲೇ ಅವನ ಮೂಗಿನ ಮೂಳೆ ಮುರಿಯಿತು. ಮುಂದೆ ಹುಬ್ಬುಗಳ ಬಳಿ ಚರ್ಮ ಸೀಳಿ ರಕ್ತ ಸುರಿಯತೊಡಗಿತು. ಟನ್ನಿ ಹದಿನೈದು ಸುತ್ತುಗಳ ಕೊನೆಯವರೆಗೂ ಕುಸಿಯದೆ ನಿಂತನು. ತೀರ್ಪು ಗ್ರೆಬ್‌ನ ಪರವಾಗಿ ಬಂದಿತು.

ಟನ್ನಿ ಆ ಸೋಲನ್ನು ಅಧ್ಯಯನ ಮಾಡಿದನು. ನುಗ್ಗಿ ಬರುವ ಗ್ರೆಬ್‌ನ ತಲೆಯನ್ನು ಗುರಿಯಿಡುವುದಕ್ಕಿಂತ ಹೊಟ್ಟೆ ಮತ್ತು ಪಕ್ಕೆಗಳಿಗೆ ಹೊಡೆದು ಅವನ ವೇಗವನ್ನು ಕುಗ್ಗಿಸಬೇಕೆಂದು ಕಂಡುಕೊಂಡನು. 1923ರ ಫೆಬ್ರವರಿಯಲ್ಲಿ ನಡೆದ ಎರಡನೆಯ ಪಂದ್ಯದ ತೀರ್ಪು ಟನ್ನಿಯ ಕಡೆಗೆ ಬಂದಾಗ ಹಲವರು ಅದನ್ನು ಒಪ್ಪಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಟನ್ನಿ ಮತ್ತೆ ಗೆದ್ದನು. 1924ರಲ್ಲಿ ಕ್ಲೀವ್‌ಲೆಂಡ್‌ನಲ್ಲಿ ಆಡಿದ ಪಂದ್ಯ ಅಧಿಕೃತ ತೀರ್ಪಿಲ್ಲದೆ ಮುಗಿಯಿತು. 1925ರ ಕೊನೆಯ ಪಂದ್ಯದಲ್ಲಿ ಪತ್ರಿಕೆಗಳು ಟನ್ನಿಗೆ ಸ್ಪಷ್ಟ ಮೇಲುಗೈ ಕೊಟ್ಟವು. 1926ರ ಸೆಪ್ಟೆಂಬರ್‌ನಲ್ಲಿ ಟನ್ನಿಯು ಡೆಂಪ್ಸಿಯನ್ನು ಸೋಲಿಸಿ ಹೆವಿವೇಟ್ ವಿಶ್ವ ಚಾಂಪಿಯನ್ ಆದನು. ಅವನು ನಿವೃತ್ತನಾಗುವವರೆಗೆ ಅವನ ದಾಖಲೆಯಲ್ಲಿ ಉಳಿದ ಒಂದೇ ಸೋಲು ಗ್ರೆಬ್‌ನಿಂದ ಬಂದದ್ದು. ಕಣದಲ್ಲಿ ಹೀಗೆ ಎದುರಾದ ಇಬ್ಬರೂ ಹೊರಗೆ ಪರಸ್ಪರ ಗೌರವವಿಟ್ಟುಕೊಂಡಿದ್ದರು.

ವಿಶ್ವ ಚಾಂಪಿಯನ್ ಪಟ್ಟ

1923ರ ಮಾರ್ಚ್‌ನಲ್ಲಿ ಗ್ರೆಬ್‌ನ ಪತ್ನಿ ಮಿಲ್ಡ್ರೆಡ್ ಕ್ಷಯರೋಗದಿಂದ ತೀರಿಕೊಂಡಳು. ಅವರಿಗೆ ಒಬ್ಬ ಪುಟ್ಟ ಮಗಳಿದ್ದಳು. ಕ್ಷಯಕ್ಕೆ ಪರಿಣಾಮಕಾರಿ ಔಷಧಿ ಬರಲು ಇನ್ನೂ ಎರಡು ದಶಕಗಳು ಬೇಕಾಗಿದ್ದ ಕಾಲವದು.

ಐದು ತಿಂಗಳ ನಂತರ, 1923ರ ಆಗಸ್ಟ್ 31ರಂದು, ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್ ಕ್ರೀಡಾಂಗಣದಲ್ಲಿ ಗ್ರೆಬ್ ಜಾನಿ ವಿಲ್ಸನ್‌ನನ್ನು ಹದಿನೈದು ಸುತ್ತುಗಳಲ್ಲಿ ಸೋಲಿಸಿ ಮಿಡಲ್‌ವೇಟ್ ವಿಶ್ವ ಚಾಂಪಿಯನ್ ಆದನು. ವೃತ್ತಿಗೆ ಬಂದು ಆಗಲೇ ಹತ್ತು ವರ್ಷ ಕಳೆದಿತ್ತು. 1924ರ ಜನವರಿಯಲ್ಲಿ ವಿಲ್ಸನ್‌ನನ್ನು ಮತ್ತೊಮ್ಮೆ ಮಣಿಸಿದನು. ಅದೇ ವರ್ಷ ಇಂಗ್ಲೆಂಡಿನ ಟೆಡ್ ಮೂರ್‌ನನ್ನು ಸೋಲಿಸಿ ಪಟ್ಟ ಉಳಿಸಿಕೊಂಡನು.

ಅವನ ಪಟ್ಟರಕ್ಷಣೆಯ ಪಂದ್ಯಗಳಲ್ಲಿ ಪ್ರಖ್ಯಾತವಾದದ್ದು 1925ರ ಜುಲೈ 2ರಂದು ಪೋಲೊ ಗ್ರೌಂಡ್ಸ್‌ನಲ್ಲಿ ಮಿಕ್ಕಿ ವಾಕರ್‌ನೊಡನೆ ನಡೆದದ್ದು. ವಾಕರ್ ಆಗ ಕೆಳಗಿನ ವಿಭಾಗವಾದ ವೆಲ್ಟರ್‌ವೇಟ್‌ನ ವಿಶ್ವ ಚಾಂಪಿಯನ್. ಹದಿನೈದು ಸುತ್ತುಗಳ ಬಿರುಸಿನ ಹೋರಾಟದ ನಂತರ ಗ್ರೆಬ್ ಗೆದ್ದನು. ಅದೇ ರಾತ್ರಿ ಇಬ್ಬರೂ ಊಟದ ನಂತರ ಬೀದಿಯಲ್ಲಿ ಮತ್ತೆ ಹೊಡೆದಾಡಿದರೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಹೇಳುವವರ ಬಾಯಲ್ಲಿ ಅದು ನಾನಾ ರೂಪ ಪಡೆದಿರುವುದರಿಂದ ಅದನ್ನು ದಂತಕಥೆಯೆಂದೇ ಪರಿಗಣಿಸುವುದು ಸರಿ.

ವರ್ಣಭೇದದ ಗೆರೆ ಮತ್ತು ಟೈಗರ್ ಫ್ಲವರ್ಸ್

ಅಂದಿನ ಅಮೆರಿಕದ ಕ್ರೀಡೆಯಲ್ಲಿ ವರ್ಣಭೇದ ಬಲವಾಗಿತ್ತು. ಅನೇಕ ಬಿಳಿಯ ಚಾಂಪಿಯನ್ನರು ಕಪ್ಪು ಬಾಕ್ಸರುಗಳೊಡನೆ ಆಡಲು ನಿರಾಕರಿಸುತ್ತಿದ್ದರು. ಕಪ್ಪು ಬಾಕ್ಸರ್ ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಕಾದರೂ ಡೆಂಪ್ಸಿಯೊಡನೆ ಪಟ್ಟದ ಪಂದ್ಯ ದೊರೆಯಲಿಲ್ಲ. ಗ್ರೆಬ್ ಈ ಗೆರೆಯನ್ನು ದಾಟಿದನು. ಕಿಡ್ ನಾರ್‌ಫೋಕ್‌ನೊಡನೆ ಎರಡು ಸಲ ಆಡಿದನು. ಅನಂತರ ಪಟ್ಟವನ್ನೇ ಪಣವಾಗಿಟ್ಟು ಜಾರ್ಜಿಯ ರಾಜ್ಯದ ಟೈಗರ್ ಫ್ಲವರ್ಸ್‌ಗೆ ಅವಕಾಶ ಕೊಟ್ಟನು.

ಫ್ಲವರ್ಸ್ ಎಡಗೈ ಬಾಕ್ಸರ್, ಧಾರ್ಮಿಕ ಮನೋಭಾವದವನು. 1926ರ ಫೆಬ್ರವರಿ 26ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಹದಿನೈದು ಸುತ್ತುಗಳ ಪಂದ್ಯದಲ್ಲಿ ಒಮ್ಮತವಿಲ್ಲದ ತೀರ್ಪಿನಿಂದ ಗ್ರೆಬ್ ಪಟ್ಟ ಕಳೆದುಕೊಂಡನು. ಫ್ಲವರ್ಸ್ ಮಿಡಲ್‌ವೇಟ್ ವಿಶ್ವ ಚಾಂಪಿಯನ್ ಆದ ಮೊದಲ ಆಫ್ರಿಕನ್ ಅಮೆರಿಕನ್ ಎನಿಸಿದನು. ಆಗಸ್ಟ್ 19ರ ಮರುಪಂದ್ಯದಲ್ಲಿಯೂ ತೀರ್ಪು ಒಮ್ಮತದ್ದಾಗಿರಲಿಲ್ಲ. ಅದೂ ಫ್ಲವರ್ಸ್‌ನ ಪರವಾಗಿಯೇ ಬಂದಿತು. ಅದು ಗ್ರೆಬ್‌ನ ಕೊನೆಯ ಪಂದ್ಯ.

ಮರಣ

ಆ ಪಂದ್ಯದ ಬಳಿಕ ಗ್ರೆಬ್ ಕಾರು ಅಪಘಾತದಲ್ಲಿ ಗಾಯಗೊಂಡನು. ಬಾಕ್ಸಿಂಗ್‌ನಿಂದಲೂ ಅಪಘಾತದಿಂದಲೂ ಹಾನಿಗೊಂಡ ಮೂಗನ್ನು ಸರಿಪಡಿಸಲು ಅಟ್ಲಾಂಟಿಕ್ ಸಿಟಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡನು. ಅರಿವಳಿಕೆಯಿಂದ ಚೇತರಿಸಿಕೊಳ್ಳದೆ 1926ರ ಅಕ್ಟೋಬರ್ 22ರಂದು ಹೃದಯ ನಿಂತು ಮೃತನಾದನು. ಆಗ ಅವನ ವಯಸ್ಸು 32. ಟನ್ನಿ ಹೆವಿವೇಟ್ ಚಾಂಪಿಯನ್ ಆಗಿ ಒಂದು ತಿಂಗಳು ಕೂಡ ತುಂಬಿರಲಿಲ್ಲ. ಪಿಟ್ಸ್‌ಬರ್ಗಿನಲ್ಲಿ ನಡೆದ ಅಂತ್ಯಸಂಸ್ಕಾರದಲ್ಲಿ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಟನ್ನಿಯೂ ಒಬ್ಬ. ಗ್ರೆಬ್‌ನ ಸಮಾಧಿ ಅದೇ ನಗರದ ಕ್ಯಾಲ್ವರಿ ಕ್ಯಾಥೊಲಿಕ್ ಸ್ಮಶಾನದಲ್ಲಿದೆ.

ಅವನ ಬಲಗಣ್ಣಿನ ಸಂಗತಿ ಸಾರ್ವಜನಿಕರಿಗೆ ತಿಳಿದದ್ದು ಮರಣದ ನಂತರ. ಕೆಟ್ಟ ಕಣ್ಣನ್ನು ಅದಾಗಲೇ ತೆಗೆಸಿ ಗಾಜಿನ ಕಣ್ಣನ್ನು ಹಾಕಿಸಿಕೊಂಡಿದ್ದನು. ಟೈಗರ್ ಫ್ಲವರ್ಸ್ ಕೂಡ 1927ರ ನವೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆಯ ನಂತರವೇ ತೀರಿಕೊಂಡನು. ಗ್ರೆಬ್ ಸತ್ತು ಆಗ ಒಂದು ವರ್ಷವಷ್ಟೇ ಆಗಿತ್ತು.

ಪಂದ್ಯಗಳ ಚಲನಚಿತ್ರಗಳು ಏಕಿಲ್ಲ

ಗ್ರೆಬ್‌ನ ಪಂದ್ಯಗಳ ಚಿತ್ರಗಳು ಸಿಗದಿರುವುದಕ್ಕೆ ಕಾನೂನಿನ ಹಿನ್ನೆಲೆಯಿದೆ. 1910ರಲ್ಲಿ ಕಪ್ಪು ಹೆವಿವೇಟ್ ಚಾಂಪಿಯನ್ ಜ್ಯಾಕ್ ಜಾನ್ಸನ್, ಬಿಳಿಯ ಮಾಜಿ ಚಾಂಪಿಯನ್ ಜಿಮ್ ಜೆಫ್ರೀಸ್‌ನನ್ನು ಸೋಲಿಸಿದನು. ಆ ಪಂದ್ಯದ ನಂತರ ಅಮೆರಿಕದ ಹಲವೆಡೆ ಜನಾಂಗೀಯ ಗಲಭೆಗಳಾದವು. ಪಂದ್ಯದ ಚಲನಚಿತ್ರದ ಪ್ರದರ್ಶನಕ್ಕೆ ತೀವ್ರ ವಿರೋಧ ಎದ್ದಿತು. 1912ರಲ್ಲಿ ಬಾಕ್ಸಿಂಗ್ ಪಂದ್ಯಗಳ ಚಿತ್ರಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದನ್ನು ಕೇಂದ್ರ ಕಾಯಿದೆಯ ಮೂಲಕ ನಿಷೇಧಿಸಲಾಯಿತು. ಈ ನಿಷೇಧ 1940ರವರೆಗೆ ಇತ್ತು. ಹೆವಿವೇಟ್ ಪಟ್ಟದಂತಹ ಭಾರಿ ಪಂದ್ಯಗಳನ್ನು ಕಾಯಿದೆಯ ನಡುವೆಯೂ ಚಿತ್ರೀಕರಿಸಿದ್ದುಂಟು. ಆದರೆ ಉಳಿದ ಪಂದ್ಯಗಳ ಚಿತ್ರ ತೆಗೆದರೆ ಲಾಭವಿರಲಿಲ್ಲ.

ಗ್ರೆಬ್‌ನ ವೃತ್ತಿಜೀವನ 1913ರಲ್ಲಿ ಆರಂಭವಾಗಿ 1926ರಲ್ಲಿ ಮುಗಿಯಿತು. ಅದು ಆದ್ಯಂತವಾಗಿ ಈ ನಿಷೇಧದ ಕಾಲದೊಳಗೇ ಬರುತ್ತದೆ. ಅವನಿಗಿಂತ ಹಿಂದಿನ ಮಿಡಲ್‌ವೇಟ್ ಚಾಂಪಿಯನ್ ಸ್ಟ್ಯಾನ್ಲಿ ಕೆಚೆಲ್ 1909ರಲ್ಲಿ ಜ್ಯಾಕ್ ಜಾನ್ಸನ್‌ನೊಡನೆ ಆಡಿದ ಪಂದ್ಯದ ಚಿತ್ರ ಇಂದಿಗೂ ಇದೆ. ಗ್ರೆಬ್‌ನನ್ನು ಚಲಿಸುವ ಚಿತ್ರದಲ್ಲಿ ನೋಡಬೇಕೆಂದರೆ 1925ರ ತಾಲೀಮಿನ ಒಂದು ಕಿರು ತುಣುಕು ಮಾತ್ರ ಲಭ್ಯವಿದೆ. ಅದರಲ್ಲಿ ಅವನು ವ್ಯಾಯಾಮ ಮಾಡುವುದನ್ನೂ ಮಾಜಿ ಲೈಟ್ ಹೆವಿವೇಟ್ ಚಾಂಪಿಯನ್ ಜ್ಯಾಕ್ ಓಬ್ರಿಯನ್‌ನೊಡನೆ ಲಘುವಾಗಿ ಅಭ್ಯಾಸ ಮಾಡುವುದನ್ನೂ ಕಾಣಬಹುದು.

ರಾಬಿನ್ಸನ್‌ನೊಡನೆ ಕಾಲ್ಪನಿಕ ಪಂದ್ಯ

ಬೇರೆ ಬೇರೆ ಕಾಲದ ಚಾಂಪಿಯನ್ನರನ್ನು ಕಲ್ಪನೆಯಲ್ಲಿ ಸೆಣಸಾಡಿಸುವುದು ಬಾಕ್ಸಿಂಗ್ ಅಭಿಮಾನಿಗಳ ಹಳೆಯ ಹವ್ಯಾಸ. 1967ರಲ್ಲಿ ಅಮೆರಿಕದ ರೇಡಿಯೊ ನಿರ್ಮಾಪಕ ಮರ್ರಿ ವೊರೊನರ್ ಹಳೆಯ ಮತ್ತು ಹೊಸ ಹೆವಿವೇಟ್ ಚಾಂಪಿಯನ್ನರ ಗುಣದೋಷಗಳನ್ನು ಕಂಪ್ಯೂಟರಿಗೆ ಒದಗಿಸಿ, ಅದು ಕೊಟ್ಟ ಫಲಿತಾಂಶಗಳನ್ನು ಪಂದ್ಯಗಳ ವೀಕ್ಷಕವಿವರಣೆಯಂತೆ ಪ್ರಸಾರ ಮಾಡಿದನು. ಅದರಲ್ಲಿ ರಾಕಿ ಮಾರ್ಸಿಯಾನೊ ವಿಜೇತನೆನಿಸಿದನು. ಕಂಪ್ಯೂಟರಿಗೆ ಕೊಟ್ಟದ್ದು ಮನುಷ್ಯರ ಅಂದಾಜುಗಳನ್ನೇ. ಆದ್ದರಿಂದ ಅದರ ತೀರ್ಪು ಆ ಅಂದಾಜುಗಳಿಗಿಂತ ಹೆಚ್ಚು ವಿಶ್ವಾಸಾರ್ಹವಾಗಲಾರದು.

ಮಿಡಲ್‌ವೇಟ್ ವಿಭಾಗದಲ್ಲಿ ಇಂತಹ ಚರ್ಚೆಗೆ ಹೆಚ್ಚಾಗಿ ಒಳಗಾಗುವ ಜೋಡಿ ಗ್ರೆಬ್ ಮತ್ತು ರಾಬಿನ್ಸನ್. ರಾಬಿನ್ಸನ್ 1921ರಲ್ಲಿ ಜನಿಸಿದನು. ಗ್ರೆಬ್ ಸತ್ತಾಗ ಅವನು ಐದು ವರ್ಷದ ಮಗು. 1951ರಲ್ಲಿ ಜೇಕ್ ಲಮೋಟಾನನ್ನು ಸೋಲಿಸಿ ಮಿಡಲ್‌ವೇಟ್ ಚಾಂಪಿಯನ್ ಆದನು. 1958ರೊಳಗೆ ಆ ಪಟ್ಟವನ್ನು ಒಟ್ಟು ಐದು ಸಲ ಗೆದ್ದನು. ಪೋಲೊ ಗ್ರೌಂಡ್ಸ್ ಇಬ್ಬರಿಗೂ ಗೆಲುವಿನ ನೆಲ. 1923ರಲ್ಲಿ ಗ್ರೆಬ್ ಚಾಂಪಿಯನ್ ಆದ ಅದೇ ಕ್ರೀಡಾಂಗಣದಲ್ಲಿ ರಾಬಿನ್ಸನ್ 1951ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ರ‍್ಯಾಂಡಿ ಟರ್ಪಿನ್‌ನಿಂದ ಪಟ್ಟವನ್ನು ಮರಳಿ ಪಡೆದನು. 1964ರಲ್ಲಿ ಆ ಕ್ರೀಡಾಂಗಣವನ್ನು ಕೆಡವಲಾಯಿತು.

ಗ್ರೆಬ್‌ನ ಪರವಾಗಿ ವಾದಿಸುವವರು ಎರಡು ಅಂಶಗಳನ್ನು ಮುಂದಿಡುತ್ತಾರೆ. ಮೊದಲನೆಯದು, ಬಿಡುವಿಲ್ಲದೆ ಮೈಮೇಲೆ ನುಗ್ಗಿ ಬರುವವರ ಎದುರು ರಾಬಿನ್ಸನ್ ತೊಂದರೆಗೊಳಗಾದದ್ದುಂಟು. 1943ರಲ್ಲಿ ಲಮೋಟಾನಿಗೂ 1957ರಲ್ಲಿ ಜೀನ್ ಫುಲ್‌ಮರ್ ಮತ್ತು ಕಾರ್ಮೆನ್ ಬೆಸಿಲಿಯೊಗೂ ಅವನು ಸೋತಿದ್ದನು. ಎರಡನೆಯದು, ಹೆಚ್ಚು ತೂಕದವರೊಡನೆ ಆಡಿದ ಅನುಭವ. 1952ರಲ್ಲಿ ರಾಬಿನ್ಸನ್ ಲೈಟ್ ಹೆವಿವೇಟ್ ಪಟ್ಟಕ್ಕಾಗಿ ಜೋಯಿ ಮ್ಯಾಕ್ಸಿಮ್‌ನ ಎದುರು ಅಂಕಗಳಲ್ಲಿ ಮುಂದಿದ್ದನು. ಆದರೆ ನ್ಯೂಯಾರ್ಕಿನ ಬೇಸಗೆಯ ತೀವ್ರ ಸೆಕೆಗೆ ಬಳಲಿ ಹದಿನಾಲ್ಕನೆಯ ಸುತ್ತಿಗೆ ಏಳಲಾಗದೆ ಸೋತನು. ಗ್ರೆಬ್ ಆ ತೂಕದವರೊಡನೆ ಹತ್ತಾರು ಸಲ ಕೊನೆಯ ಸುತ್ತಿನವರೆಗೂ ಆಡಿದ್ದನು.

ರಾಬಿನ್ಸನ್‌ನ ಪರವಾದ ವಾದವೂ ದುರ್ಬಲವಲ್ಲ. ಅವನು ಗ್ರೆಬ್‌ಗಿಂತ ಎತ್ತರ, ಎತ್ತರ ಸುಮಾರು 180 ಸೆಂಟಿಮೀಟರ್. ವೇಗದೊಡನೆ ನಾಕೌಟ್ ಶಕ್ತಿಯೂ ಅವನಲ್ಲಿತ್ತು. ಲಮೋಟಾನನ್ನು ಉಳಿದ ಐದು ಪಂದ್ಯಗಳಲ್ಲಿ ಸೋಲಿಸಿದನು. ಫುಲ್‌ಮರ್‌ನನ್ನು 1957ರ ಮೇ 1ರ ಮರುಪಂದ್ಯದ ಐದನೆಯ ಸುತ್ತಿನಲ್ಲಿ ಎಡಗೈಯ ಒಂದೇ ಹುಕ್ ಹೊಡೆತದಿಂದ ಕೆಡವಿದನು. ಎತ್ತರದ, ಲೆಕ್ಕಾಚಾರದ ಬಾಕ್ಸರ್ ಗ್ರೆಬ್‌ನ ಶೈಲಿಯನ್ನು ಅರಿತು ಮಣಿಸಬಹುದು ಎಂಬುದನ್ನು ಟನ್ನಿ ಮೊದಲೇ ತೋರಿಸಿಕೊಟ್ಟಿದ್ದನು.

ಈ ವಾದಗಳ ನಡುವೆ ಒಂದು ಪ್ರಶ್ನೆ ಸಾಮಾನ್ಯವಾಗಿ ಮರೆಯಾಗುತ್ತದೆ. ಕಲ್ಪನೆಯ ಕಣಕ್ಕೆ ಇಳಿಯುವ ಗ್ರೆಬ್ ಯಾವ ವರ್ಷದವನು? ರಾಬಿನ್ಸನ್‌ನ ಎಡಗೈ ಹುಕ್ ಬರುವುದು ಎದುರಾಳಿಯ ಬಲಗಡೆಗೆ. 1921ರ ನಂತರದ ಗ್ರೆಬ್‌ಗೆ ಕಾಣದಿದ್ದುದೂ ಆ ಕಡೆಯೇ. ವಿಶ್ವ ಚಾಂಪಿಯನ್ ಗ್ರೆಬ್‌ನನ್ನು ಆರಿಸಿದರೆ ಒಂದು ಕಣ್ಣಿನವನನ್ನು ಆರಿಸಿದಂತಾಗುತ್ತದೆ. ಎರಡೂ ಕಣ್ಣು ಕಾಣುತ್ತಿದ್ದ 1919ರ ಗ್ರೆಬ್‌ನನ್ನು ಆರಿಸಿದರೆ, ಪಟ್ಟವಿನ್ನೂ ದೊರೆಯದ, ಪತ್ರಿಕೆಗಳ ಮಾತಿನಲ್ಲಷ್ಟೇ ಬದುಕಿರುವ ಬಾಕ್ಸರ್‌ನನ್ನು ಆರಿಸಿದಂತಾಗುತ್ತದೆ. ಹೆಚ್ಚಿನ ಚರ್ಚೆಗಳು 1919ರ ಕಣ್ಣುಗಳನ್ನೂ 1923ರ ಪಟ್ಟವನ್ನೂ ಒಬ್ಬನಿಗೇ ಕೊಟ್ಟುಬಿಡುತ್ತವೆ. ಅಂತಹ ಗ್ರೆಬ್ ಯಾವ ವರ್ಷವೂ ಇರಲಿಲ್ಲ.

ಚಿತ್ರದುರ್ಗದ ಕೋಟೆಯೊಳಗೆ ಹಳೆಯ ಗರಡಿಮನೆಯ ಕಟ್ಟಡ ಉಳಿದಿದೆ. ಅಲ್ಲಿ ಸಾಧನೆ ಮಾಡಿದ ಜಟ್ಟಿಗಳ ಪಟ್ಟುಗಳು ಉಳಿದಿಲ್ಲ. ಗ್ರೆಬ್‌ನ ವಿಷಯದಲ್ಲಿ ಉಳಿದಿರುವುದು ಅದಕ್ಕಿಂತ ಹೆಚ್ಚು: ದಿನಾಂಕಗಳು, ತೂಕಗಳು, ಸುತ್ತುಗಳ ವರದಿಗಳು, ಸೋತವರ ನೆನಪುಗಳು. ಇವು ಅವನು ಯಾರನ್ನು ಎದುರಿಸಿದನು, ಎಷ್ಟು ಸಲ ಗೆದ್ದನು ಎಂಬುದನ್ನು ಖಚಿತವಾಗಿ ಹೇಳುತ್ತವೆ. ಅವನ ಪಾದ ಹೇಗೆ ಚಲಿಸುತ್ತಿತ್ತು, ಕೈ ಎಲ್ಲಿಂದ ಏಳುತ್ತಿತ್ತು ಎಂಬುದನ್ನು ತೋರಿಸಲಾರವು.

ಮೌಲ್ಯಮಾಪನ ಮತ್ತು ಗೌರವಗಳು

ಗ್ರೆಬ್ ಸೋಲಿಸಿದವರ ಪಟ್ಟಿಯಲ್ಲಿ ತಮ್ಮ ವೃತ್ತಿಯ ಒಂದಲ್ಲ ಒಂದು ಘಟ್ಟದಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು ಅನೇಕರಿದ್ದಾರೆ. ಟನ್ನಿ, ವಾಕರ್, ವಿಲ್ಸನ್, ಲೆವಿನ್ಸ್‌ಕಿ, ಟಾಮಿ ಲಾಫ್ರನ್, ಮ್ಯಾಕ್ಸಿ ರೋಸೆನ್‌ಬ್ಲೂಮ್, ಜಿಮ್ಮಿ ಸ್ಲ್ಯಾಟರಿ ಇವರಲ್ಲಿ ಪ್ರಮುಖರು. ದಿ ರಿಂಗ್ ಪತ್ರಿಕೆಯ ಸ್ಥಾಪಕ ನ್ಯಾಟ್ ಫ್ಲೈಷರ್ ಸಾರ್ವಕಾಲಿಕ ಮಿಡಲ್‌ವೇಟ್ ಬಾಕ್ಸರುಗಳ ಪಟ್ಟಿಯಲ್ಲಿ ಕೆಚೆಲ್‌ಗೆ ಮೊದಲ ಸ್ಥಾನವನ್ನೂ ಗ್ರೆಬ್‌ಗೆ ಮೂರನೆಯ ಸ್ಥಾನವನ್ನೂ ರಾಬಿನ್ಸನ್‌ಗೆ ಐದನೆಯ ಸ್ಥಾನವನ್ನೂ ನೀಡಿದ್ದನು. ನಂತರದ ಇತಿಹಾಸಕಾರರ ಪಟ್ಟಿಗಳಲ್ಲಿ ಗ್ರೆಬ್ ಮತ್ತು ರಾಬಿನ್ಸನ್ ಮೇಲಿನ ಸ್ಥಾನಗಳಿಗೆ ಬಂದಿದ್ದಾರೆ.

ಗ್ರೆಬ್ ಮದ್ಯ ಮತ್ತು ವಿಲಾಸದಲ್ಲಿ ಮುಳುಗಿ ತಾಲೀಮನ್ನೇ ಮಾಡುತ್ತಿರಲಿಲ್ಲ ಎಂಬ ರಂಜಕ ಕಥೆಗಳು ಅವನ ಮರಣಾನಂತರ ಹರಡಿದವು. ಇತ್ತೀಚಿನ ಜೀವನಚರಿತ್ರಕಾರರು ಹಳೆಯ ಪತ್ರಿಕೆಗಳನ್ನು ಪರಿಶೀಲಿಸಿ ಇಂತಹ ಹಲವು ಕಥೆಗಳನ್ನು ತಿದ್ದಿದ್ದಾರೆ. ವರ್ಷಕ್ಕೆ 45 ಪಂದ್ಯಗಳನ್ನು ಆಡುವ ದೇಹಶಕ್ತಿ ಶಿಸ್ತಿಲ್ಲದೆ ಬರುವಂತಹದ್ದಲ್ಲ. 1990ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಗೌರವ ಭವನಕ್ಕೆ ಗ್ರೆಬ್‌ನ ಹೆಸರನ್ನು ಸೇರಿಸಲಾಯಿತು. ಅದೇ ವರ್ಷ ರಾಬಿನ್ಸನ್‌ನ ಹೆಸರೂ ಅಲ್ಲಿ ಸೇರಿತು.